ಊರೆಲ್ಲ ಕೇಳುವ ಗುಟ್ಟು: ಹಳ್ಳಿಗಾಡಿನ ರೇಡಿಯೋ ಮಾತುಕತೆ

(ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಧ್ವನಿಮುದ್ರಣ ಕೇಳಿ ಬರಹಕ್ಕೆ ಇಳಿಸಿದ್ದು.)

ಮೇಜಿನ ಮೇಲೆ ಎರಡು ವಾಕಿಟಾಕಿ ಇವೆ, ನೋಡಿ. ಒಂದನ್ನು ಹಿಂದಿನ ಸಾಲಿಗೆ ಕಳಿಸಿಕೊಡಿ. ನಾನು ಇಲ್ಲಿ ಬಟನ್ ಒತ್ತಿ ಮಾತಾಡಿದರೆ ಅಲ್ಲಿ ಕೇಳಬೇಕು. ಕೇಳಿಸಿತಾ? ಸರಿ. ಈಗ ಒಂದು ಪ್ರಶ್ನೆ. ಈ ಮಾತು ಇನ್ನೂ ಯಾರ್ಯಾರಿಗೆ ಕೇಳಿಸಿರಬಹುದು?

ಯಾರಿಗೂ ಗೊತ್ತಿಲ್ಲ, ಅಲ್ವಾ. ಹೊರಗೆ ರಸ್ತೆಯಲ್ಲಿ ಹೋಗುತ್ತಿರುವ ಲಾರಿಯವನ ಹತ್ತಿರ ಇಂಥದೇ ಸೆಟ್ ಇದ್ದು, ಅದು ಇದೇ ಚಾನೆಲ್‌ನಲ್ಲಿದ್ದರೆ ಅವನೂ ಕೇಳಿದ್ದಾನೆ. ಫೋನಿನಲ್ಲಿ ಇಬ್ಬರ ನಡುವೆ ಒಂದು ದಾರಿ ಇರುತ್ತದೆ. ರೇಡಿಯೋದಲ್ಲಿ ಅಂಥ ದಾರಿಯೇ ಇಲ್ಲ. ಮಾತು ಸುತ್ತಲೂ ಹರಡುತ್ತದೆ. ಕೇಳುವವನು ಬಾಯಿ ಬಿಡದೆ ಕೂತಿದ್ದರೆ ಅವನಿದ್ದಾನೆ ಅನ್ನುವ ಸುಳಿವೂ ನಮಗೆ ಸಿಗುವುದಿಲ್ಲ.

ನಿಮ್ಮಲ್ಲಿ ತೋಟದವರು ಸುಮಾರು ಜನ ಇದ್ದೀರಿ. ಮೊಬೈಲ್ ಸಿಗ್ನಲ್ ಸಿಗದ ಕಡೆಗೆ ಇಂಥ ಸೆಟ್ ತಗೊಳ್ಳೋಣ ಅಂತ ಕೆಲವರು ಯೋಚನೆ ಮಾಡಿದ್ದೀರಂತೆ. ಆ ವಿಷಯಕ್ಕೆ ಕೊನೆಗೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಬೇಕು. ಎಲ್ಲರಿಗೂ ಕೇಳುವ ರೇಡಿಯೋ ಒಂದನ್ನೇ ನಂಬಿಕೊಂಡು ಹತ್ತಿರ ಹತ್ತಿರ ಅರ್ಧ ಶತಮಾನ ಬದುಕಿದ ಜನ ಅಲ್ಲಿದ್ದರು. ಕಾಯಿಲೆ, ಬಸಿರು, ವ್ಯಾಪಾರ, ಮಕ್ಕಳ ಪಾಠ, ಅಡುಗೆ, ಹಾಳು ಹರಟೆ ಎಲ್ಲ ಅದರಲ್ಲೇ ನಡೆಯುತ್ತಿತ್ತು.

ಆ ದೇಶದ ಒಳನಾಡು ನಮ್ಮ ಹಳ್ಳಿಯ ಲೆಕ್ಕಕ್ಕೆ ಸಿಗುವಂಥದಲ್ಲ. ದನ, ಕುರಿ ಸಾಕುವ ದೊಡ್ಡ ದೊಡ್ಡ ಜಮೀನುಗಳಿಗೆ ಅಲ್ಲಿ ಸ್ಟೇಷನ್ ಅನ್ನುತ್ತಾರೆ. ರೈಲಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಸ್ಟೇಷನ್ನಿನ ಮನೆಯಿಂದ ಪಕ್ಕದ ಮನೆಗೆ ಐವತ್ತು ಕಿಲೋಮೀಟರ್, ಕೆಲವು ಕಡೆ ನೂರಕ್ಕೂ ಜಾಸ್ತಿ. ಅಂಥ ಕಡೆ ಹುಷಾರಿಲ್ಲದೆ ಹೋದರೆ ಏನು ಗತಿ?

1917ರಲ್ಲಿ ನಡೆದ ಒಂದು ಘಟನೆಯನ್ನು ಆ ದೇಶದಲ್ಲಿ ಈಗಲೂ ಹೇಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್ ಅನ್ನುವ ಊರು. ಜಿಮ್ಮಿ ಡಾರ್ಸಿ ಅಂತ ದನ ಕಾಯುವ ಯುವಕ ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ಏಟು ಮಾಡಿಕೊಂಡ. ಊರಿನಲ್ಲಿ ಡಾಕ್ಟರ್ ಇಲ್ಲ. ಇದ್ದದ್ದು ಪೋಸ್ಟ್ ಮಾಸ್ಟರ್ ಟಕೆಟ್ ಮತ್ತು ಅವನ ತಂತಿ ಯಂತ್ರ. ಎರಡು, ಮೂರು ಸಾವಿರ ಕಿಲೋಮೀಟರ್ ಆಚೆ ಪರ್ತ್ ನಗರದಲ್ಲಿ ಡಾಕ್ಟರ್ ಹಾಲಂಡ್ ಇದ್ದರು. ಅವರು ತಂತಿಯಲ್ಲಿ ಮೋರ್ಸ್ ಸಂಕೇತದಲ್ಲಿ, ಅಂದರೆ ಅಕ್ಷರಗಳನ್ನು ಗಿಡ್ಡ, ಉದ್ದ ಟಿಕ್ ಟಿಕ್ ಶಬ್ದ ಮಾಡಿ, ಹೇಳುತ್ತಾ ಹೋದರು, ಪೋಸ್ಟ್ ಮಾಸ್ಟರ್ ಚಿಕ್ಕ ಚಾಕು ಹಿಡಿದು ಆಪರೇಷನ್ ಮಾಡುತ್ತಾ ಹೋದ! ಆಮೇಲೆ ಡಾಕ್ಟರು ಹಡಗು, ಕಾರು, ಕುದುರೆ ಅಂತ ಸಿಕ್ಕಿದ್ದನ್ನು ಹಿಡಿದು ಹೊರಟರು. ಅವರು ಮುಟ್ಟುವ ಹೊತ್ತಿಗೆ ಡಾರ್ಸಿ ತೀರಿಕೊಂಡಿದ್ದ. ದೇಶದ ಪತ್ರಿಕೆಗಳೆಲ್ಲ ದಿನಾ ಅವನ ಸುದ್ದಿ ಬರೆದವು. ಗಮನಿಸಿ, ಒಬ್ಬ ಬಡ ಯುವಕನ ಮೂತ್ರಕೋಶಕ್ಕೆ ಆದ ಗಾಯ ಇಡೀ ದೇಶದ ಮಾತಾಯಿತು. ಅವನ ಒಪ್ಪಿಗೆ ಕೇಳಬೇಕು ಅಂತ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಆದರೆ ಆ ಸುದ್ದಿ ಹಾಗೆ ಹರಡಿದ್ದರಿಂದಲೇ ಒಳನಾಡಿನ ಜನರಿಗೆ ವೈದ್ಯಕೀಯ ಸೌಲಭ್ಯ ಬೇಕು ಅನ್ನುವ ಕೂಗಿಗೆ ಬಲ ಬಂತು.

ಆ ಕೂಗನ್ನು ಹೊತ್ತು ಓಡಾಡಿದವರು ಜಾನ್ ಫ್ಲಿನ್ ಅನ್ನುವ ಪಾದ್ರಿ. ಅವರ ಹಠದಿಂದ 1928ರ ಮೇ ತಿಂಗಳಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕ್ಲಾನ್‌ಕರಿ ಅನ್ನುವ ಊರಿನಿಂದ ಮೊದಲ ವೈದ್ಯಕೀಯ ವಿಮಾನ ಹಾರಿತು. ಮುಂದೆ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಅಂತ ಹೆಸರಾದದ್ದು ಇದೇ. ಸರಿ, ವಿಮಾನ ಬಂತು, ಡಾಕ್ಟರೂ ಬಂದರು. ಹುಷಾರಿಲ್ಲ ಅಂತ ಅವರಿಗೆ ಹೇಳುವುದು ಹೇಗೆ? ಫೋನ್ ಇಲ್ಲ, ತಂತಿ ಇಲ್ಲ, ಕರೆಂಟೂ ಇಲ್ಲ.

ಇಲ್ಲಿ ನನಗೆ ತುಂಬ ಇಷ್ಟವಾದ ಮನುಷ್ಯ ಬರುತ್ತಾನೆ. ಆಲ್ಫ್ರೆಡ್ ಟ್ರೇಗರ್, ಅಡಿಲೇಡ್ ನಗರದ ಇಂಜಿನಿಯರ್. ಹೆಚ್ಚು ಮಾತಿಲ್ಲದ, ಕೆಲಸದಲ್ಲೇ ಮುಳುಗಿರುವ ಸ್ವಭಾವದವನು. 1929ರ ಹೊತ್ತಿಗೆ ಅವನು ಪೆಡಲ್ ತುಳಿದು ಓಡಿಸುವ ರೇಡಿಯೋ ಮಾಡಿದ. ಮೇಜಿನ ಕೆಳಗೆ ಸೈಕಲ್ಲಿನಂಥ ಪೆಡಲ್ಲು, ಅದಕ್ಕೆ ಪುಟ್ಟ ಡೈನಮೋ. ಕಾಲಲ್ಲಿ ತುಳಿದರೆ ಸುಮಾರು 20 ವಾಟ್ ಬರುತ್ತಿತ್ತು. ಕೈ ಎರಡೂ ಖಾಲಿ. ಅಷ್ಟು ಶಕ್ತಿಯಲ್ಲಿ ನಾನೂರು, ಐನೂರು ಕಿಲೋಮೀಟರ್ ಮುಟ್ಟಬಹುದಿತ್ತು. ನಾವು ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೋ ಹಿಡಿದವರು, ಇವತ್ತಿಗೂ 20 ವಾಟಿನಲ್ಲಿ ದೂರ ಮುಟ್ಟಿದರೆ ಖುಷಿಪಡುತ್ತೇವೆ. ಸ್ಟೇಷನ್ನಿನ ಹೆಂಗಸು ಮನೆಯಲ್ಲಿ ಕೂತು, ಮಗುವಿಗೆ ಜ್ವರ ಬಂದ ಆತಂಕದಲ್ಲಿ, ಕಾಲು ತುಳಿಯುತ್ತಾ ಅದನ್ನು ಮಾಡುತ್ತಿದ್ದಳು.

ಮೊದಮೊದಲು ಆ ಸೆಟ್ಟುಗಳಲ್ಲಿ ಮಾತಾಡುವುದಕ್ಕೆ ಆಗುತ್ತಿರಲಿಲ್ಲ. ಸ್ಟೇಷನ್ನಿನ ಕಡೆಯವರು ಮೋರ್ಸ್‌ನಲ್ಲಿ ಕಟ್ಟ-ಕಡ ಅಂತ ಕಳಿಸಬೇಕು. ಡಾಕ್ಟರ ಕಡೆಯ ರೇಡಿಯೋ ಕೇಂದ್ರದವರು ಮಾತ್ರ ಬಾಯಲ್ಲೇ ಉತ್ತರ ಹೇಳುತ್ತಿದ್ದರು. ಇದರಿಂದ ಒಂದು ತಮಾಷೆಯ ಅನುಕೂಲ ಆಯಿತು. ಪಕ್ಕದ ಮನೆಯವರು ರೇಡಿಯೋ ಹಚ್ಚಿಕೊಂಡು ಕೂತಿದ್ದರೂ ಅವರಿಗೆ ಅರ್ಧ ಸಂಭಾಷಣೆ ಮಾತ್ರ ಅರ್ಥವಾಗುತ್ತಿತ್ತು. ಡಾಕ್ಟರು "ದಿನಕ್ಕೆ ಮೂರು ಸಲ ಕೊಡಿ, ಮಲಗಿಸಿ" ಅನ್ನುವುದು ಕೇಳುತ್ತದೆ. ಯಾರನ್ನು ಮಲಗಿಸಬೇಕು, ಏನಾಗಿದೆ ಅನ್ನುವುದು ಟಿಕ್ ಟಿಕ್ ಶಬ್ದದಲ್ಲೇ ಉಳಿಯುತ್ತದೆ. ಆದರೆ ಮೋರ್ಸ್ ಕಲಿಯುವುದು ಜನರಿಗೆ ಕಷ್ಟವಾಯಿತು. ಟ್ರೇಗರ್ ಪಾಪ, ಟೈಪ್‌ರೈಟರ್‌ನಂಥ ಕೀಲಿಮಣೆ ಮಾಡಿಕೊಟ್ಟ. ಅಕ್ಷರ ಒತ್ತಿದರೆ ಅದೇ ಮೋರ್ಸ್ ಕಳಿಸುತ್ತಿತ್ತು. 1930ರ ದಶಕದ ನಡುವಿಗೆ ನೇರವಾಗಿ ಮಾತಾಡುವ ಸೆಟ್ಟೇ ಬಂತು. ಎಲ್ಲರಿಗೂ ಸುಲಭವಾಯಿತು. ಅವತ್ತಿನಿಂದ ಉಳಿದರ್ಧವೂ ಎಲ್ಲರಿಗೂ ಕೇಳತೊಡಗಿತು.

ದಿನ ಹೇಗೆ ನಡೆಯುತ್ತಿತ್ತು ಹೇಳುತ್ತೇನೆ. ಬೆಳಿಗ್ಗೆ ಹೊತ್ತು ಗೊತ್ತಾದ ಸಮಯಕ್ಕೆ ಕೇಂದ್ರದವರು ಗಾಳಿಗೆ ಬರುತ್ತಿದ್ದರು. ಮೊದಲು ತುರ್ತು ವಿಷಯ. ಆಮೇಲೆ ಡಾಕ್ಟರ ಸಮಯ. ಆಮೇಲೆ ಟೆಲಿಗ್ರಾಂ. ಹೌದು, ಟೆಲಿಗ್ರಾಂಗಳನ್ನು ಗಟ್ಟಿಯಾಗಿ ಓದಿಯೇ ಹೇಳಬೇಕಿತ್ತು, ಬೇರೆ ದಾರಿ ಇರಲಿಲ್ಲ. ಯಾರ ದನ ಎಷ್ಟಕ್ಕೆ ಹೋಯಿತು, ಯಾವ ಬ್ಯಾಂಕು ಏನು ಕೇಳುತ್ತಿದೆ, ಯಾರ ಮಗಳಿಗೆ ಮದುವೆ ಗೊತ್ತಾಯಿತು, ಎಲ್ಲ ನೂರಾರು ಮೈಲಿಗೆ ಒಟ್ಟಿಗೇ ಗೊತ್ತು. ನಮ್ಮಲ್ಲಿ ಅಂಚೆಯವನು ಕಾರ್ಡ್ ಓದಿ ಹೇಳುತ್ತಿದ್ದನಲ್ಲ, ಅದನ್ನು ಒಂದು ಜಿಲ್ಲೆಗೆಲ್ಲ ಓದಿ ಹೇಳಿದರೆ ಹೇಗಿರುತ್ತದೆ ಯೋಚನೆ ಮಾಡಿ.

ಕೊನೆಗೆ ಹೆಂಗಸರ ಹರಟೆಯ ಸಮಯ. ಅದಕ್ಕೆ ಗಲಾ ಸೆಷನ್ ಅಂತ ಹೆಸರು. ಗಲಾ ಅನ್ನುವುದು ಅಲ್ಲಿನ ಗುಲಾಬಿ-ಬೂದು ಬಣ್ಣದ ಒಂದು ಗಿಳಿ. ಗುಂಪು ಕಟ್ಟಿಕೊಂಡು ಕಿವಿ ತೂತಾಗುವ ಹಾಗೆ ಕಿರುಚುತ್ತದೆ. ಹೆಸರಿಟ್ಟವರು ಗಂಡಸರೇ ಇರಬೇಕು! ಆದರೆ ವಾರಗಟ್ಟಲೆ ಇನ್ನೊಂದು ಹೆಣ್ಣಿನ ಮುಖ ನೋಡದೆ ಇರುವವರಿಗೆ ಆ ಅರ್ಧ ಗಂಟೆ ಎಷ್ಟು ಮುಖ್ಯವಾಗಿರಬೇಕು. ಒಬ್ಬರು ಕೇಕಿನ ಅಳತೆ ಹೇಳುತ್ತಾರೆ, ಇನ್ನೊಬ್ಬರು ಮಗುವಿಗೆ ಹಲ್ಲು ಬಂತು ಅನ್ನುತ್ತಾರೆ, ಮತ್ತೊಬ್ಬರು ನಮ್ಮ ಕಡೆ ಮಳೆ ಬಂತು ಅನ್ನುತ್ತಾರೆ. ಮಾತಾಡದೆ ಸುಮ್ನೆ ಕೇಳುತ್ತಾ ಕೂತವರೂ ಇರುತ್ತಿದ್ದರು.

ಈಗ ಔಷಧಿ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1942ರಿಂದ ಸ್ಟೇಷನ್ನುಗಳಿಗೆ ಒಂದೇ ತರಹದ ಔಷಧಿ ಪೆಟ್ಟಿಗೆ ಕೊಡುವುದಕ್ಕೆ ಶುರು ಮಾಡಿದರು. ಒಳಗೆ ಸೀಸೆ, ಮಾತ್ರೆ, ಮುಲಾಮು, ಬ್ಯಾಂಡೇಜು. ಪ್ರತಿಯೊಂದಕ್ಕೂ ಒಂದೊಂದು ನಂಬರು. ರೇಡಿಯೋದಲ್ಲಿ ಔಷಧಿಯ ಉದ್ದ ಹೆಸರು ಹೇಳಿದರೆ ಗರಗರ ಶಬ್ದದ ನಡುವೆ ಎಡವಟ್ಟಾಗಬಹುದು. ನಂಬರು ಹೇಳಿದರೆ ತಪ್ಪುವುದಿಲ್ಲ. "ಇಷ್ಟನೇ ನಂಬರಿನ ಮಾತ್ರೆ, ನಾಲ್ಕು ಗಂಟೆಗೆ ಒಂದು" ಅಂದರೆ ಮುಗಿಯಿತು. 1951ರಲ್ಲಿ ಲೂಸಿ ಗಾರ್ಲಿಕ್ ಅನ್ನುವ ನರ್ಸ್ ಇನ್ನೊಂದು ಉಪಾಯ ಕೊಟ್ಟರು. ಮನುಷ್ಯನ ದೇಹದ ಚಿತ್ರ, ಅದರ ಮೇಲೆ ಜಾಗ ಜಾಗಕ್ಕೂ ನಂಬರು. ನೋವು ಎಲ್ಲಿ ಅಂತ ಡಾಕ್ಟರು ಕೇಳಿದರೆ ನಂಬರು ಹೇಳಿದರೆ ಸಾಕು. ಹೊಟ್ಟೆಯ ಬಲಗಡೆ ಕೆಳಗೆ, ಇಲ್ಲ ಇಲ್ಲ ಇನ್ನೂ ಸ್ವಲ್ಪ ಮೇಲೆ ಅಂತ ಒದ್ದಾಡಬೇಕಿಲ್ಲ.

ನಂಬರು ಬಂದಿದ್ದರಿಂದ ಮರ್ಯಾದೆಯೂ ಉಳಿಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ದೇಹದ ಭಾಗದ ಹೆಸರು ಗಟ್ಟಿಯಾಗಿ ಹೇಳುವ ಮುಜುಗರ ತಪ್ಪಿತು, ನಿಜ. ಆದರೆ ಗುಟ್ಟು ಉಳಿಯಲಿಲ್ಲ. ಯಾಕೆ ಹೇಳಿ? ಎಲ್ಲರ ಮನೆಯಲ್ಲೂ ಅದೇ ಪೆಟ್ಟಿಗೆ, ಅದೇ ಚಿತ್ರ! ಡಾಕ್ಟರು ನಂಬರು ಹೇಳಿದ ತಕ್ಷಣ ನೂರು ಕಿಲೋಮೀಟರ್ ಆಚೆ ಕೇಳುತ್ತಾ ಕೂತವರು ತಮ್ಮ ಪೆಟ್ಟಿಗೆಯ ಪಟ್ಟಿ ನೋಡಿದರೆ ಆಯಿತು. ಸಂಕೇತ ಇದೆ, ಸಂಕೇತದ ಬೀಗದ ಕೈ ಎಲ್ಲರ ಹತ್ತಿರವೂ ಇದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಅಂಗಡಿಯಲ್ಲಿ ಇವತ್ತು ಮಾರುವ ವಾಕಿಟಾಕಿಯ ಡಬ್ಬಿಯ ಮೇಲೆ ಬರೆದಿರುವುದಕ್ಕೂ ಇದಕ್ಕೂ ಸಂಬಂಧ ಇದೆ.

ಹಾಗಾದರೆ ಇವರು ಹೇಗೆ ಬಾಳಿದರು? ಯಂತ್ರ ಗುಟ್ಟು ಕಾಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಕಾಯುವ ಕೆಲಸ ಕೇಳುವವರ ಮೇಲೆ ಬಿತ್ತು. ಕೇಳಿಸಿದರೂ ಕೇಳಿಸದ ಹಾಗೆ ಇರುವುದು. ಎದುರು ಸಿಕ್ಕಾಗ ಅವರಾಗಿ ಹೇಳುವ ತನಕ "ಹೌದಾ, ಗೊತ್ತೇ ಇರಲಿಲ್ಲ" ಅನ್ನುವುದು. ಇದು ನಮಗೆ ಹೊಸದೇನಲ್ಲ. ಒಂದೇ ಗೋಡೆ ಹಂಚಿಕೊಂಡ ವಠಾರದ ಮನೆಗಳಲ್ಲಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮ ಟ್ರಂಕ್ ಕಾಲ್ ಕಾಲ ನೆನಪಿದೆಯಾ? ಇಲ್ಲಿ ತಲೆ ನೆರೆತವರಿಗೆ ನೆನಪಿರುತ್ತದೆ. ಪೋಸ್ಟಾಫೀಸಿನಲ್ಲಿ ಊರಿಗೊಂದೇ ಫೋನು. ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕಾಯಬೇಕು. ಲೈನ್ ಸಿಕ್ಕಿತು ಅಂದರೆ ಬೊಂಬಾಯಿಗೆ ಫೋನ್ ಇಲ್ಲದೆಯೂ ಕೇಳುವಷ್ಟು ಗಟ್ಟಿಯಾಗಿ ಕಿರುಚಬೇಕು. ಕಾಯುತ್ತಾ ಕೂತವರೆಲ್ಲ ಕೇಳುತ್ತಿದ್ದರು. ಮಧ್ಯೆ ಎಕ್ಸ್‌ಚೇಂಜಿನ ಆಪರೇಟರ್ ಬೇರೆ. ಸಾವಿನ ಸುದ್ದಿ ಬಂದರೆ ಮನೆಯವರಿಗಿಂತ ಮೊದಲು ಪೋಸ್ಟಾಫೀಸಿನಲ್ಲಿದ್ದವರಿಗೆ ಗೊತ್ತಾಗುತ್ತಿತ್ತು. 1986ರಲ್ಲಿ ಸಿ-ಡಾಟ್ ಅನ್ನುವ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯವರು ಹಳ್ಳಿಗಳಿಗೆಂದೇ ಮಾಡಿದ ಸಣ್ಣ ಎಕ್ಸ್‌ಚೇಂಜನ್ನು ಮೊದಲು ಹಾಕಿದ್ದು ನಮ್ಮ ಕಿತ್ತೂರಿನಲ್ಲೇ. ಕಿತ್ತೂರು ಚೆನ್ನಮ್ಮನ ಕಿತ್ತೂರು. ತಾನೇ ತಾನಾಗಿ ಲೈನ್ ಜೋಡಿಸುವ ಎಕ್ಸ್‌ಚೇಂಜು ಅದು. ಅದನ್ನು ತಂತ್ರಜ್ಞಾನದ ಸಾಧನೆ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ನನಗೆ ಮಾತ್ರ ಅದರಲ್ಲಿ ದೊಡ್ಡದಾಗಿ ಕಾಣುವುದು ಮಧ್ಯೆ ಕೂತು ಕೇಳುವ ಒಂದು ಕಿವಿ ಹೋಯಿತು ಅನ್ನುವುದು.

ಆಸ್ಟ್ರೇಲಿಯಾಕ್ಕೆ ವಾಪಸ್ ಬರೋಣ. ಎಲ್ಲರೂ ಎಲ್ಲರ ಮಾತು ಕೇಳುವುದು ಎಷ್ಟು ಚಂದ, ಒಂದೇ ಕುಟುಂಬದ ಹಾಗೆ ಅಂತ ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲರೂ ಸಮನಾಗಿ ಬೆತ್ತಲಾಗಿದ್ದರೆ ಸರಿ ಅನ್ನಬಹುದಿತ್ತು. ಹಾಗಿರಲಿಲ್ಲ. ಗಂಡಸಿನ ಮುರಿದ ಕಾಲು ಎಲ್ಲರಿಗೂ ಗೊತ್ತಾದರೆ ಏನೂ ನಷ್ಟವಿಲ್ಲ. ಹೆಂಗಸಿನ ಮುಟ್ಟಿನ ತೊಂದರೆ, ನಿಂತ ಬಸಿರು, ಇಳಿದ ಬಸಿರು, ಮನಸ್ಸಿಗೆ ಹಿಡಿದ ಮಂಕು ಎಲ್ಲರಿಗೂ ಗೊತ್ತಾದರೆ ಲೆಕ್ಕವೇ ಬೇರೆ. ಹೇಳಿಕೊಳ್ಳಲಾಗದೆ ಡಾಕ್ಟರ ವಿಮಾನ ಊರಿಗೇ ಬರುವ ತನಕ ಕಾದರೆ ಕಾಯಿಲೆ ಕಾಯುವುದಿಲ್ಲವಲ್ಲ.

ಇನ್ನೊಂದು ವಿಷಯ ಇದೆ. ರೇಡಿಯೋ ಸೆಟ್ ಇರುತ್ತಿದ್ದದ್ದು ದೊಡ್ಡ ಮನೆಯಲ್ಲಿ. ಆ ಸ್ಟೇಷನ್ನುಗಳಲ್ಲಿ ದನ ಹೊಡೆಯುತ್ತಿದ್ದವರು, ಮನೆಗೆಲಸ ಮಾಡುತ್ತಿದ್ದವರು ಬಹಳಷ್ಟು ಕಡೆ ಅಲ್ಲಿನ ಮೂಲನಿವಾಸಿಗಳು. ಅವರಿಗೆ ಕಾಯಿಲೆಯಾದರೆ ಮೈಕಿನ ಮುಂದೆ ಕೂತು ಹೇಳುತ್ತಿದ್ದವರು ಯಜಮಾನರು ಅಥವಾ ಯಜಮಾನ್ತಿ. ಮೈ ಒಬ್ಬರದು, ಮಾತು ಇನ್ನೊಬ್ಬರದು, ಕೇಳುವವರು ನೂರು ಜನ. ಅವರಿಗೆ ಪ್ರೈವಸಿ ಇರಲಿಲ್ಲ ಅನ್ನುವುದು ದೂರದ ಮಾತು. ತನ್ನ ಮೈಯ ಬಗ್ಗೆ ತಾನೇ ಹೇಳಿಕೊಳ್ಳುವ ಅವಕಾಶವೇ ಇರಲಿಲ್ಲ. ಪೆಡಲ್ ರೇಡಿಯೋದ ಕಥೆ ಹೇಳುವಾಗ ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲರೂ ಕೇಳುತ್ತಿದ್ದಾರೆ ಅನ್ನುವುದರಿಂದ ಜೀವ ಉಳಿಯುತ್ತಿತ್ತು ಅನ್ನುವುದೂ ನಿಜ. ಇದಕ್ಕೆ ಒಂದು ತಾಂತ್ರಿಕ ಕಾರಣ ಇದೆ. ಸ್ವಲ್ಪ ಸಹಿಸಿಕೊಳ್ಳಿ.

ಟ್ರೇಗರ್‌ನ ಸೆಟ್ಟುಗಳು ಬಳಸುತ್ತಿದ್ದದ್ದು ಶಾರ್ಟ್‌ವೇವ್. ಅದರ ಅಲೆಗಳು ಎರಡು ತರಹ ಹೋಗುತ್ತವೆ. ಕೆಲವು ನೆಲ ಹಿಡಿದು ಹೋಗಿ ಸ್ವಲ್ಪ ದೂರದಲ್ಲೇ ಸೊರಗುತ್ತವೆ. ಇನ್ನು ಕೆಲವು ಆಕಾಶಕ್ಕೆ ಏರಿ, ಮೇಲಿರುವ ಅಯಾನುಗೋಳ ಅನ್ನುವ ಗಾಳಿಯ ಪದರದಿಂದ ಬಾಗಿ, ದೂರದಲ್ಲಿ ಎಲ್ಲೋ ಇಳಿಯುತ್ತವೆ. ಇವೆರಡರ ನಡುವೆ ಏನೂ ಕೇಳದ ಪಟ್ಟಿಯೊಂದು ಉಳಿದುಬಿಡಬಹುದು. ಅಂದರೆ ಹತ್ತಿರದ ಕೇಂದ್ರಕ್ಕೆ ನಿಮ್ಮ ಮಾತು ಕೇಳದೆ, ಸಾವಿರ ಕಿಲೋಮೀಟರ್ ಆಚೆಯವರಿಗೆ ಸ್ಪಷ್ಟವಾಗಿ ಕೇಳಬಹುದು. ಹಗಲು ಒಂದು ತರಹ, ರಾತ್ರಿ ಇನ್ನೊಂದು ತರಹ. ಹೀಗಾದಾಗ ಏನು ಮಾಡುವುದು? ಮಧ್ಯೆ ಸುಮ್ನೆ ಕೇಳುತ್ತಾ ಕೂತಿದ್ದ ಯಾರೋ ಒಬ್ಬರು "ನಿಮ್ಮ ಮಾತು ನನಗೆ ಕೇಳುತ್ತಿದೆ, ನಾನು ದಾಟಿಸುತ್ತೇನೆ" ಅನ್ನುತ್ತಿದ್ದರು. ಅವರು ಕದ್ದು ಕೇಳದೇ ಇದ್ದಿದ್ದರೆ ಆ ಮಾತು ಅಲ್ಲೇ ಸಾಯುತ್ತಿತ್ತು. ಹಾಗೆಯೇ, ಹೊಳೆ ತುಂಬಿ ದಾರಿ ಮುಚ್ಚಿದಾಗ ಹತ್ತಿರದ ಸ್ಟೇಷನ್ನಿನವರು ಕೇಳಿಸಿಕೊಂಡು ತಾವಾಗಿಯೇ ಗಾಡಿ ಹತ್ತುತ್ತಿದ್ದರು.

ಅಲಾಸ್ಕಾದಲ್ಲೂ ಇಂಥದೇ ಆಯಿತು. 1971ರಲ್ಲಿ ಎಟಿಎಸ್-1 ಅನ್ನುವ ಉಪಗ್ರಹದ ಮೂಲಕ ಅಲ್ಲಿನ ದೂರದ ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರು ದಿನಾ ಡಾಕ್ಟರ ಜೊತೆ ಮಾತಾಡುವ ಏರ್ಪಾಡಾಯಿತು. ನಮ್ಮ ಆಶಾ ಕಾರ್ಯಕರ್ತೆಯರ ತರಹದವರು ಅಂತ ಇಟ್ಟುಕೊಳ್ಳಿ. ಒಂದೇ ಚಾನೆಲ್, ಎಲ್ಲ ಹಳ್ಳಿಗಳಿಗೂ ಕೇಳುತ್ತದೆ. ರೋಗಿಯ ಗುಟ್ಟು ಹೊರಗೆ ಬೀಳುತ್ತದೆ ಅನ್ನುವ ಚಿಂತೆ ಇದ್ದೇ ಇತ್ತು. ಆದರೆ ಪಕ್ಕದ ಹಳ್ಳಿಯ ರೋಗಕ್ಕೆ ಡಾಕ್ಟರು ಏನು ಹೇಳುತ್ತಾರೆ ಅಂತ ಕೇಳಿ ಕೇಳಿ ಉಳಿದ ಕಾರ್ಯಕರ್ತೆಯರು ಕೆಲಸ ಕಲಿತರು. ಒಬ್ಬರ ಗುಟ್ಟು ಹೋದದ್ದು ಇನ್ನೊಬ್ಬರಿಗೆ ಪಾಠವಾಯಿತು. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಒಂದೇ ಮಾತಿನಲ್ಲಿ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಪಾಠ ಅಂದಾಗ ನೆನಪಾಯಿತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಸ್ಕೂಲ್ ಆಫ್ ದಿ ಏರ್ ಶುರುವಾಯಿತು. ಫ್ಲೈಯಿಂಗ್ ಡಾಕ್ಟರ ರೇಡಿಯೋದಲ್ಲೇ ಮಕ್ಕಳಿಗೆ ಪಾಠ. ಈಗಲೂ ಆ ಶಾಲೆ ಇದೆ. ಅದರ ವ್ಯಾಪ್ತಿ ಸುಮಾರು 13 ಲಕ್ಷ ಚದರ ಕಿಲೋಮೀಟರ್ ಅನ್ನುತ್ತಾರೆ, ಅಂದರೆ ಆರೂವರೆ ಕರ್ನಾಟಕಕ್ಕಿಂತ ದೊಡ್ಡ ತರಗತಿ. ರೇಡಿಯೋದಲ್ಲಿ ಪಾಠ ನಡೆಯುತ್ತಿದ್ದ ಕಾಲದಲ್ಲಿ ಮಗ್ಗಿ ತಪ್ಪು ಹೇಳಿದರೆ ಅಷ್ಟೂ ದೂರಕ್ಕೆ ಗೊತ್ತಾಗುತ್ತಿತ್ತು. ಎಲ್ಲರ ಅಪ್ಪ ಅಮ್ಮಂದಿರೂ ಕೇಳುತ್ತಿದ್ದರು. ನಮ್ಮ ಕಾಲದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದು ಏನೂ ಅಲ್ಲ ಬಿಡಿ.

1980ರ ದಶಕದಲ್ಲಿ ಒಳನಾಡಿಗೆ ಮನೆ ಮನೆಗೆ ಟೆಲಿಫೋನ್ ಬರತೊಡಗಿತು. ಟವರ್‌ನಿಂದ ಟವರ್‌ಗೆ ಮೈಕ್ರೋವೇವ್ ಅನ್ನುವ ರೇಡಿಯೋ ಅಲೆಯಲ್ಲಿ ಮಾತು ದಾಟಿಸುವ ವ್ಯವಸ್ಥೆ. ಕೊನೆಗೂ ಬಾಗಿಲು ಹಾಕಿಕೊಂಡು ಡಾಕ್ಟರ ಜೊತೆ ಮಾತಾಡಬಹುದು, ಬ್ಯಾಂಕಿನವರ ಜೊತೆ ಜಗಳ ಆಡಬಹುದು. ಜನ ಖುಷಿಪಟ್ಟರು. ಅದರ ಜೊತೆಗೇ ಗಲಾ ಸೆಷನ್‌ಗಳು ಬಡವಾದವು. ಫೋನಿನಲ್ಲಿ ನಿಮಗೆ ಬೇಕಾದವರ ಜೊತೆ ಮಾತ್ರ ಮಾತಾಡುತ್ತೀರಿ. ಬಾಯಿ ಬಿಡದೆ ಕೇಳುತ್ತಾ ಕೂತಿದ್ದವರಿಗೆ ಅದರಲ್ಲಿ ಜಾಗ ಇಲ್ಲ. ಅವರಿಗೆ ಯಾರೂ ಫೋನ್ ಮಾಡುವುದಿಲ್ಲ.

ಆದರೆ ಎಲ್ಲರಿಗೂ ಕೇಳುವ ರೇಡಿಯೋ ಅಲ್ಲಿ ಹೋಗಿಲ್ಲ. ಈಗ ಯುಎಚ್‌ಎಫ್ ಸಿಬಿ ಅಂತ ಇದೆ, ಸಾಮಾನ್ಯ ಜನರೇ ಬಳಸುವ ರೇಡಿಯೋ. 477 ಮೆಗಾಹರ್ಟ್ಜ್ ಸುತ್ತಮುತ್ತ 80 ಚಾನೆಲ್. ಬೇರೆ ಬೇರೆ ಲೈಸೆನ್ಸ್ ತಗೊಳ್ಳಬೇಕಾಗಿಲ್ಲ. ದನ ಒಟ್ಟು ಮಾಡುವಾಗ ಬೈಕಿನವನು, ಜೀಪಿನವನು, ಮೇಲೆ ಹೆಲಿಕಾಪ್ಟರಿನವನು ಎಲ್ಲ ಅದರಲ್ಲೇ ಮಾತಾಡುತ್ತಾರೆ. ಹೆದ್ದಾರಿಯ ಲಾರಿಯವರು 40ನೇ ಚಾನೆಲ್. 5 ಮತ್ತು 35 ತುರ್ತಿಗೆ ಮಾತ್ರ. ಬಯಲಿನಲ್ಲಿ ಕೈಯಲ್ಲಿ ಹಿಡಿಯುವ ಸೆಟ್ ಕೆಲವೇ ಕಿಲೋಮೀಟರ್ ಹೋಗುತ್ತದೆ. ಗುಡ್ಡದ ಮೇಲೆ ರಿಪೀಟರ್, ಅಂದರೆ ಬಂದ ಮಾತನ್ನು ತಾನೇ ಮತ್ತೆ ಕಳಿಸುವ ಯಂತ್ರ, ಇದ್ದರೆ ಅದೇ ಮಾತು ಬಹಳ ದೂರಕ್ಕೆ ಮುಟ್ಟುತ್ತದೆ. ಇಲ್ಲೇ ಜನ ಏಮಾರುವುದು. ಪಕ್ಕದ ಜೀಪಿನವನಿಗೆ ಹೇಳಿದೆ ಅಂದುಕೊಂಡಿರುತ್ತಾನೆ. ರಿಪೀಟರ್ ಅದನ್ನು ಇಡೀ ತಾಲೂಕಿಗೆ ಹೇಳಿರುತ್ತದೆ.

ಈಗ ಡಬ್ಬಿಯ ಮೇಲಿನ ಬರಹಕ್ಕೆ ಬರೋಣ. ವಿದೇಶದಿಂದ ಬರುವ ಸಣ್ಣ ವಾಕಿಟಾಕಿಗಳ ಡಬ್ಬಿ ನೋಡಿದ್ದೀರಾ? "22 ಚಾನೆಲ್, 121 ಪ್ರೈವಸಿ ಕೋಡ್" ಅಂತ ಇರುತ್ತದೆ. ಕೆಲವರು ಗುಣಿಸಿ 2,662 ಚಾನೆಲ್ ಇದೆ ಅಂತಲೂ ಬರೆಯುತ್ತಾರೆ. ಕೊಂಡವರು ಏನು ತಿಳಿದುಕೊಳ್ಳುತ್ತಾರೆ? ಕೋಡ್ ಹಾಕಿದರೆ ನಮ್ಮ ಮಾತು ಬೇರೆಯವರಿಗೆ ಕೇಳುವುದಿಲ್ಲ ಅಂತ.

ಅದು ಶುದ್ಧ ಸುಳ್ಳು ಅಂತ ಹೇಳಲಾರೆ, ಆದರೆ ಸುಳ್ಳಿಗೆ ತುಂಬ ಹತ್ತಿರ ಇದೆ. ಕೋಡ್ ಹಾಕಿದಾಗ ಸೆಟ್ಟು ನಿಮ್ಮ ಮಾತಿನ ಕೆಳಗೆ ಸಣ್ಣ ಗುಂಯ್ ಅನ್ನುವ ಸ್ವರವೊಂದನ್ನು ಸೇರಿಸುತ್ತದೆ. 67 ಹರ್ಟ್ಜ್‌ನಿಂದ 250ರ ಆಸುಪಾಸಿನ ತನಕ, ಸ್ಪೀಕರಿನಲ್ಲಿ ಕಿವಿಗೆ ಬೀಳದ ಹಾಗೆ ಸೋಸಿರುತ್ತಾರೆ. ಇನ್ನು ಕೆಲವು ಕೋಡುಗಳು ಡಿಜಿಟಲ್ ಗುರುತು. ನಿಮ್ಮ ಸೆಟ್ಟಿಗೆ ಹೇಳಿರುವುದು ಇಷ್ಟೇ: ಈ ಸ್ವರ ಇದ್ದರೆ ಮಾತ್ರ ಸ್ಪೀಕರ್ ಬಿಡು, ಇಲ್ಲದಿದ್ದರೆ ಮುಚ್ಚಿಕೊಂಡಿರು. ಅಂದರೆ ಬೇರೆಯವರ ಮಾತು ನಿಮಗೆ ಕೇಳುವುದಿಲ್ಲ. ನಿಮ್ಮ ಮಾತು? ಅದು ಹಾಗೇ ಬಿಚ್ಚಿಕೊಂಡು ಹೋಗುತ್ತಿರುತ್ತದೆ. ಕೋಡ್ ಹಾಕದೆ ಇರುವ ಎಲ್ಲರಿಗೂ ಕೇಳುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಹಿಂದಿನ ಸಾಲಿನವರು ಆ ಸೆಟ್ಟಿನ ಕೋಡ್ ಸೊನ್ನೆಗೆ ಇಡಿ. ನಾನು ನನ್ನದಕ್ಕೆ ಕೋಡ್ ಹಾಕಿದ್ದೇನೆ. ಈಗ ಮಾತಾಡುತ್ತೇನೆ. ಕೇಳುತ್ತಿದೆಯಾ? ನೋಡಿದಿರಾ. ಈಗ ನೀವು ಮಾತಾಡಿ. ನನಗೆ ಕೇಳುವುದಿಲ್ಲ. ಅಂದರೆ ಮರೆಯಾದದ್ದು ನೀವು, ನಾನಲ್ಲ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಚಾನೆಲ್‌ನಲ್ಲಿ ಯಾರೋ ತುರ್ತಾಗಿ ಮಾತಾಡುತ್ತಿರುತ್ತಾರೆ. ಕೋಡ್ ಹಾಕಿದ ನಿಮಗೆ ಅದು ಕೇಳುವುದಿಲ್ಲ. ಖಾಲಿ ಇದೆ ಅಂದುಕೊಂಡು ನೀವು ಬಟನ್ ಒತ್ತುತ್ತೀರಿ. ಅವರ ಮಾತೂ ಹಾಳು, ನಿಮ್ಮದೂ ಹಾಳು.

ಆ ಔಷಧಿ ಪೆಟ್ಟಿಗೆಯ ನಂಬರು ತಾನು ಏನು ಅನ್ನುವುದನ್ನು ಮುಚ್ಚಿಡಲಿಲ್ಲ. ಅದು ಸ್ಪಷ್ಟತೆಗೆ ಅಂತಲೇ ಇದ್ದದ್ದು. ಈ ಡಬ್ಬಿಗಳು ಕಿರಿಕಿರಿ ತಪ್ಪಿಸುವ ಉಪಾಯವನ್ನು ಗುಟ್ಟು ಕಾಯುವ ಉಪಾಯ ಅಂತ ಮಾರುತ್ತವೆ. ನನ್ನ ತಕರಾರು ಅಷ್ಟೇ.

ನಮ್ಮ ದೇಶದ ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಿಕ್ಕ ಸಿಕ್ಕ ವಾಕಿಟಾಕಿ ತಗೊಂಡು ಮಾತಾಡುವ ಹಾಗಿಲ್ಲ. 2018ರ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಜ್ ಒಳಗಿನ ಕಡಿಮೆ ಶಕ್ತಿಯ ಸೆಟ್ಟಿಗೆ ಲೈಸೆನ್ಸ್ ಬೇಡ, ಆದರೆ ಆ ಮಾದರಿಗೆ ಸರ್ಕಾರದ ಒಪ್ಪಿಗೆ ಇರಬೇಕು. ಉಳಿದದ್ದಕ್ಕೆ ಲೈಸೆನ್ಸ್ ಬೇಕು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ಒಪ್ಪಿಗೆ ಇಲ್ಲದ ಸೆಟ್ ಮಾರುತ್ತಿದ್ದ ಆನ್‌ಲೈನ್ ಮಳಿಗೆಗಳಿಗೆ ನೋಟಿಸ್ ಕೊಟ್ಟರು. ಹ್ಯಾಮ್ ಲೈಸೆನ್ಸ್ ತಗೊಂಡರೆ ತೋಟದ ಕೆಲಸಕ್ಕೆ ಆಗುತ್ತದಾ ಅಂತ ಯಾರೋ ಚೀಟಿ ಕಳಿಸಿದ್ದೀರಿ. ಆಗುವುದಿಲ್ಲ. ಅದು ಹವ್ಯಾಸಕ್ಕೆ, ವ್ಯವಹಾರಕ್ಕಲ್ಲ. ಅರ್ಥ ಮುಚ್ಚಿಡುವ ಗುಪ್ತ ಭಾಷೆ ಬಳಸುವುದಕ್ಕೂ ನಮಗೆ ಅನುಮತಿ ಇಲ್ಲ. ಮೋರ್ಸ್ ಬಳಸಬಹುದಲ್ಲ ಅಂದರೆ, ಅದು ಯಾರು ಬೇಕಾದರೂ ಕಲಿಯಬಹುದಾದ, ಮುಚ್ಚುಮರೆ ಇಲ್ಲದ ಲಿಪಿ.

ನಮ್ಮ ಲೈಸೆನ್ಸಿನಲ್ಲಿ ನನಗೆ ಬಹಳ ಹಿಡಿಸುವ ಷರತ್ತು ಒಂದಿದೆ. ನಿಮಗೆ ಸೇರದ ಸಂದೇಶ ಕಿವಿಗೆ ಬಿದ್ದರೆ ಅದನ್ನು ಇನ್ನೊಬ್ಬರಿಗೆ ಹೇಳಬಾರದು, ಬಳಸಿಕೊಳ್ಳಬಾರದು. ಕಿವಿಗೆ ಬೀಳುವುದನ್ನು ತಪ್ಪಿಸುವುದಕ್ಕೆ ಆಗುವುದಿಲ್ಲ ಅಂತ ಕಾನೂನು ಮಾಡಿದವರಿಗೂ ಗೊತ್ತು. ಆದ್ದರಿಂದ ಬಾಯಿಗೆ ಬೀಗ ಹಾಕಿದ್ದಾರೆ. ಆ ಒಳನಾಡಿನ ಹೆಂಗಸರು ಎದುರು ಸಿಕ್ಕಾಗ "ಗೊತ್ತೇ ಇರಲಿಲ್ಲ" ಅನ್ನುತ್ತಿದ್ದರಲ್ಲ, ಅದೇ ಇಲ್ಲಿ ಸರ್ಕಾರಿ ಕಾಗದದ ಮೇಲೆ ಬಂದಿದೆ.

ನಮ್ಮ ಕರಾವಳಿಯವರು ಇದನ್ನು ಬೇರೆ ತರಹ ನಿಭಾಯಿಸುತ್ತಾರೆ. ಮಲ್ಪೆ, ಮಂಗಳೂರಿನ ಆಳಸಮುದ್ರದ ಬೋಟುಗಳಲ್ಲಿ ವಿಎಚ್‌ಎಫ್ ಸೆಟ್ ಇರುತ್ತದೆ. 16ನೇ ಚಾನೆಲ್ ಎಲ್ಲರೂ ಕಿವಿ ಕೊಟ್ಟಿರಬೇಕಾದದ್ದು, ಅಪಾಯದಲ್ಲಿ ಕೂಗುವುದಕ್ಕೆ. ಇಂಜಿನ್ ಕೆಟ್ಟಿತು, ನೀರು ನುಗ್ಗಿತು ಅಂದರೆ ತಾಂಡೇಲ, ಅಂದರೆ ಬೋಟು ನಡೆಸುವವನು, ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳುತ್ತಾನೆ. ಮೀನು ಎಲ್ಲಿ ಬಿತ್ತು ಅಂತ ಕೇಳಿ ನೋಡಿ. ಯಾವ ತಾಂಡೇಲನೂ ಸುತ್ತಲಿನ ನಲವತ್ತು ಬೋಟಿಗೆ ಕೇಳುವ ಹಾಗೆ ಜಾಗ ಹೇಳುವುದಿಲ್ಲ.

ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಹೇಳಿ ಮುಗಿಸುತ್ತೇನೆ. ಡಿಜಿಟಲ್ ಸೆಟ್ ತಗೊಂಡರೆ ಯಾರಿಗೂ ಕೇಳುವುದಿಲ್ಲವಾ ಅಂತ ಒಬ್ಬರು ಕೇಳಿದ್ದಾರೆ. ಡಿಜಿಟಲ್ ಅಂದ ಮಾತ್ರಕ್ಕೆ ಗುಟ್ಟಲ್ಲ. ಅದೇ ತರಹದ ಇನ್ನೊಂದು ಡಿಜಿಟಲ್ ಸೆಟ್ ಇದ್ದವರು ಕೇಳಬಹುದು. ನಿಜವಾದ ಎನ್‌ಕ್ರಿಪ್ಶನ್, ಅಂದರೆ ಕೀಲಿ ಇಲ್ಲದವರಿಗೆ ಅರ್ಥವಾಗದ ಹಾಗೆ ಮಾತನ್ನು ಕಲಸಿ ಕಳಿಸುವುದು, ಬೇರೆ ವಿಷಯ. ಅದಕ್ಕೆ ಬೇರೆ ಸೆಟ್ಟು, ಬೇರೆ ಲೈಸೆನ್ಸ್, ಬೇರೆ ಖರ್ಚು. ಒಂದು ತೋಟಕ್ಕೆ ಅದು ಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಎರಡನೆಯದು, ಆನೆ ಬಂದ ಸುದ್ದಿ ಹೇಳುವುದಕ್ಕೆ ಯಾವ ಚಾನೆಲ್, ಯಾವ ಕೋಡ್ ಇಡಬೇಕು ಅಂತ. ದಯವಿಟ್ಟು ಕೋಡ್ ಹಾಕಬೇಡಿ. ಸುತ್ತಲಿನ ನಾಲ್ಕು ತೋಟದವರು ಕೂತು ಒಂದೇ ಚಾನೆಲ್ ಗೊತ್ತು ಮಾಡಿಕೊಳ್ಳಿ. ಅದು ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರಿಗೂ ಕೇಳುವ ಹಾಗಿರಲಿ. ಬೆಳಿಗ್ಗೆ ಮೊದಲು ಕಾಲುದಾರಿ ಹಿಡಿಯುವವರು ಅವರೇ. ಸೆಟ್ ಮೇಸ್ತ್ರಿಯ ಕೈಯಲ್ಲಿ ಮಾತ್ರ ಇದ್ದರೆ ಸಾಲದು. ಕೆಲಸದ ಹೆಣ್ಣುಮಗಳ ಹುಷಾರು ತಪ್ಪಿದ ವಿಷಯ ಇದ್ದರೆ ಗಾಡಿ ಬೇಕು ಅಂತ ಮಾತ್ರ ಹೇಳಿ, ಏನಾಗಿದೆ ಅಂತ ಹೇಳಬೇಡಿ. ಶನಿವಾರದ ಬಟವಾಡೆಗೆ ಎಷ್ಟು ದುಡ್ಡು, ಯಾರು ಎಷ್ಟು ಹೊತ್ತಿಗೆ ತರುತ್ತಾರೆ ಅನ್ನುವುದನ್ನಂತೂ ಅದರಲ್ಲಿ ಆಡಲೇಬೇಡಿ. ಅದಕ್ಕೆ ತೋಟದ ಲೆಕ್ಕ ಬರೆಯುವ ರೈಟರನ್ನು ಮನೆಗೇ ಕರೆಸಿ, ಒಂದು ಲೋಟ ಕಾಫಿ ಕೊಟ್ಟು ಹೇಳಿ.